ಬ್ರೌನಿಯ ಎರಡು ಡಬ್ಬಿ

ಕಿತ್ತಳೆಯ ರುಚಿಯೆಲ್ಲ ತೊಳೆಯಲ್ಲಿದೆ ಎನ್ನುವವರು ಕಿತ್ತಳೆ ಸಿಪ್ಪೆಯ ಗೊಜ್ಜು ತಿಂದಿಲ್ಲ ಎಂದೇ ಅರ್ಥ. ಹುಣಸೆ, ಬೆಲ್ಲದ ಜೊತೆ ಕುದಿದ ಸಿಪ್ಪೆಯ ಆ ಕಹಿ, ಆ ಘಮ ಗೊತ್ತಿದ್ದವರಿಗೆ ಫ್ರಾನ್ಸಿನ ಕ್ವಾಂತ್ರೋ, ಗ್ರಾಂಡ್ ಮಾರ್ನಿಯೆ ತೀರಾ ಅಪರಿಚಿತ ಎನಿಸುವುದಿಲ್ಲ. ಈ ಎರಡು ಲಿಕ್ಯೂರ್‌ಗಳ ಜೀವಾಳವೂ ಸಿಪ್ಪೆಯ ಎಣ್ಣೆಯೇ. ಎರಡರಲ್ಲೂ ಆಲ್ಕೋಹಾಲ್ ಶೇ 40. ಸಕ್ಕರೆ ಬೇರೆ.

ಪುಣೆಯಲ್ಲಿ ಚಳಿ ಶುರುವಾಗಿ ತಳ್ಳುಗಾಡಿಗಳಲ್ಲಿ ನಾಗಪುರದ ಸಂತ್ರಾ ಬಂದರೆ ನನ್ನ ಓಟಿಜಿಗೂ ಕೆಲಸ ಬರುತ್ತದೆ. ಕೋಡ್ ಬರೆದು ದಣಿದ ವಾರಕ್ಕೆ ಬ್ರೌನಿಗಿಂತ ಒಳ್ಳೆಯ ಮದ್ದು ನನಗಂತೂ ಗೊತ್ತಿಲ್ಲ.

200 ಗ್ರಾಂ ಡಾರ್ಕ್ ಚಾಕೊಲೇಟ್, 150 ಗ್ರಾಂ ಬೆಣ್ಣೆ ಒಟ್ಟಿಗೆ ಕರಗಿಸಿ ಆರಲು ಬಿಡಿ. 200 ಗ್ರಾಂ ಸಕ್ಕರೆಗೆ ಒಂದು ಕಿತ್ತಳೆಯ ಸಿಪ್ಪೆ ತುರಿದು ಬೆರಳಿನಿಂದ ಉಜ್ಜಿ. ಬಿಳಿ ಭಾಗ ಬೇಡ, ಬಣ್ಣದ ಪದರ ಮಾತ್ರ. ಸಕ್ಕರೆ ತೇವವಾಗಿ, ಅಡುಗೆಮನೆಯೆಲ್ಲ ಘಮ್ಮೆನ್ನುವವರೆಗೆ ಉಜ್ಜಬೇಕು; ಈ ಎರಡು ನಿಮಿಷ ಉಳಿಸಬೇಡಿ. ಅದಕ್ಕೆ ಮೂರು ಮೊಟ್ಟೆ ಒಡೆದು ಹಾಕಿ, ಮಿಶ್ರಣ ತಿಳಿಯಾಗಿ ಉಬ್ಬುವವರೆಗೆ ಕಡೆಯಿರಿ. ಚಾಕೊಲೇಟ್ ಸೇರಿಸಿ, 80 ಗ್ರಾಂ ಮೈದಾ, 30 ಗ್ರಾಂ ಕೋಕೋ, ಚಿಟಿಕೆ ಉಪ್ಪು ಜರಡಿ ಹಿಡಿದು ಹಗುರವಾಗಿ ಕಲಸಿ. ಕೊನೆಗೆ ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ಲಿಕ್ಯೂರ್. ಎಂಟು ಇಂಚಿನ ಚೌಕ ತಟ್ಟೆಯಲ್ಲಿ 170 ಡಿಗ್ರಿಯಲ್ಲಿ ಸುಮಾರು 25 ನಿಮಿಷ. ಚುಚ್ಚಿದ ಕಡ್ಡಿಗೆ ಒದ್ದೆ ಪುಡಿ ಅಂಟಬೇಕು. ಕಡ್ಡಿ ಸ್ವಚ್ಛವಾಗಿ ಬಂದರೆ ಅದು ಬ್ರೌನಿಯಲ್ಲ, ಕೇಕು.

ಒಮ್ಮೆ ಆಫೀಸಿನಲ್ಲಿ ಡಬ್ಬಿ ತೆರೆದಾಗ, ಧರ್ಮದ ಕಾರಣಕ್ಕೆ ಮದ್ಯ ಮುಟ್ಟದ ಸಹೋದ್ಯೋಗಿಯೊಬ್ಬರು "ಇದರಲ್ಲಿ ಏನೂ ಇಲ್ಲ ತಾನೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು, "ಇದ್ದರೂ ಓವನ್ನಿನಲ್ಲಿ ಎಲ್ಲ ಹಾರಿಹೋಗಿರುತ್ತೆ, ತಗೊಳ್ಳಿ" ಎಂದುಬಿಟ್ಟ. ಕೈ ಆಗಲೇ ಡಬ್ಬಿಯೊಳಗಿತ್ತು. "ಇದೆ, ಪೂರ್ತಿ ಹಾರಿಲ್ಲ" ಎಂದೆ. ಕೈ ಹಿಂದೆ ಹೋಯಿತು. ಪಕ್ಕದವನಿಗೆ ನನ್ನ ಮೇಲೆ ಸಿಟ್ಟು: "ಚಮಚದಷ್ಟಕ್ಕೆ ಇಷ್ಟು ರಾದ್ಧಾಂತವೇ?"

ಲೆಕ್ಕ ಹೀಗಿದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದ ಪ್ರಕಾರ, ಹಿಟ್ಟಿಗೆ ಕಲಸಿ 15 ನಿಮಿಷ ಬೇಯಿಸಿದರೆ ಶೇ 40, ಅರ್ಧ ಗಂಟೆಗೆ ಶೇ 35ರಷ್ಟು ಆಲ್ಕೋಹಾಲ್ ಉಳಿಯುತ್ತದೆ. ನಮ್ಮ 30 ಮಿ.ಲೀ.ನಲ್ಲಿ ಇರುವುದು 12. ಬೆಂದ ಮೇಲೆ ನಾಲ್ಕಕ್ಕಿಂತ ತುಸು ಹೆಚ್ಚು. 16 ತುಂಡು ಮಾಡಿದರೆ ಒಂದಕ್ಕೆ 0.3 ಮಿ.ಲೀ.ಗೂ ಕಡಿಮೆ. ಅಮಲೇರುವ ಮಾತೇ ಇಲ್ಲ. ಆದರೆ ಅವರು ಕೇಳಿದ್ದು ಅಮಲಿನ ಬಗ್ಗೆ ಅಲ್ಲವಲ್ಲ. ವ್ರತ ಹಿಡಿದವರು, ಕುಡಿತ ಬಿಟ್ಟವರು, ಗರ್ಭಿಣಿಯರು, ಕೆಲವು ಔಷಧಿ ತೆಗೆದುಕೊಳ್ಳುವವರು... ಯಾರಿಗೆ ಎಷ್ಟು ಪರವಾಗಿಲ್ಲ ಎಂದು ತೀರ್ಮಾನಿಸಲು ನಾನ್ಯಾರು?

ಈಗ ಹಿಟ್ಟನ್ನು ಎರಡು ಸಣ್ಣ ತಟ್ಟೆಗೆ ಹಂಚುತ್ತೇನೆ. ಮೊದಲ ಪಾಲು ತಟ್ಟೆಗೆ ಸುರಿದ ಮೇಲೆಯೇ ಲಿಕ್ಯೂರ್ ಬಾಟಲಿಯ ಮುಚ್ಚಳ ತೆಗೆಯುವುದು. ಉಳಿದ ಪಾಲಿಗೆ ಒಂದೇ ಚಮಚ. ಸಿಪ್ಪೆಯ ಎಣ್ಣೆ ಬೆಣ್ಣೆಯಲ್ಲೂ ಕರಗುವುದರಿಂದ ಮೊದಲ ತಟ್ಟೆಗೆ ಕಿತ್ತಳೆಯ ಘಮಕ್ಕೇನೂ ಕೊರತೆಯಿಲ್ಲ. ಎರಡನೆಯದರಲ್ಲಿ ಗಂಟಲಿಗೆ ಸಣ್ಣ ಬಿಸಿ ತಾಗುತ್ತದೆ, ಅಷ್ಟೇ. ಒಂದು ರಾತ್ರಿ ಬಿಟ್ಟು ಕತ್ತರಿಸಿದರೆ ಎರಡೂ ಇನ್ನಷ್ಟು ರುಚಿ. ಡಬ್ಬಿಗಳ ಮೇಲೆ ಚೀಟಿ ಅಂಟಿಸುತ್ತೇನೆ, ಇಂಗ್ಲಿಷಿನಲ್ಲೂ ಮರಾಠಿಯಲ್ಲೂ. ಹೋದ ಸಲ ಆ ಸಹೋದ್ಯೋಗಿ ಮೊದಲ ಡಬ್ಬಿಯಿಂದ ಎರಡು ತುಂಡು ತೆಗೆದುಕೊಂಡರು, ಒಂದು ಮನೆಗೆ.