ಟೂತ್‌ಪೇಸ್ಟ್: ವಯಸ್ಸನ್ನರಿತು ಕೊಡಿ, ಅವಧಿಯನ್ನರಿತು ಕೊಳ್ಳಿ

ಬೆಳಗಾವಿಯ ರವಿವಾರ ಪೇಟೆಯ ಸಗಟು ಮಳಿಗೆಯಾಗಲಿ, ಖಾನಾಪುರದ ಕಿರಾಣಿ ಅಂಗಡಿಯಾಗಲಿ, ಟೂತ್‌ಪೇಸ್ಟ್ ನಿತ್ಯ ಬೇಡಿಕೆಯ ಸರಕು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯಕೀಯ ಕಾಲೇಜು 1985ರಿಂದಲೂ ಇದೆ. ಆದರೂ ಯಾವ ಪೇಸ್ಟ್ ಒಳ್ಳೆಯದೆಂಬ ಪ್ರಶ್ನೆ ಮೊದಲು ಎದುರಾಗುವುದು ಅಂಗಡಿಯ ಗಲ್ಲೆಯ ಮುಂದೆಯೇ. ಆದ್ದರಿಂದ ವ್ಯಾಪಾರಸ್ಥರು ಈ ಸರಕನ್ನು ಅರಿತಿರುವುದು ಅವಶ್ಯಕ.

ಹಲ್ಲು ಹುಳುಕಾಗದಂತೆ ತಡೆಯುವ ಮುಖ್ಯ ಅಂಶ ಫ್ಲೋರೈಡ್. ಭಾರತದ ನಿಯಮದಂತೆ ಇದರ ಪ್ರಮಾಣ 1000 ಪಿಪಿಎಂ ಮೀರಕೂಡದು. ಪ್ರಮಾಣವನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಟ್ಯೂಬಿನ ಮೇಲೆ ನಮೂದಿಸತಕ್ಕದ್ದು. ಟ್ಯೂಬಿನ ತುದಿಯ ಬಣ್ಣದ ಪಟ್ಟಿ ಒಳಗಿನ ವಸ್ತುವಿನ ಗುರುತಲ್ಲ. ಅದು ಪ್ಯಾಕಿಂಗ್ ಯಂತ್ರಕ್ಕೆ ಬೇಕಾದ ಗುರುತು ಮಾತ್ರ.

ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಮಕ್ಕಳು ಅದನ್ನು ನುಂಗದೆ ಉಗುಳುವಂತೆ ಹಿರಿಯರು ನೋಡಿಕೊಳ್ಳಬೇಕು. ತಣ್ಣೀರಿಗೆ ಹಲ್ಲು ಜುಮ್ಮೆನ್ನುವವರಿಗೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಉಪಯುಕ್ತ; ಆದರೆ ಗುಣ ಕಾಣಲು ಕೆಲವು ವಾರಗಳು ಬೇಕು. ನೋವು ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಕಳುಹಿಸುವುದೇ ಸರಿ. ಹಲ್ಲು ಸವೆದ ವೃದ್ಧರಿಗೆ ಬಿಳುಪಿನ ಆಸೆ ತೋರಿಸಿ ಒರಟು ಪೇಸ್ಟ್ ಮಾರಬಾರದು. ತೆಗೆದಿಡುವ ಹಲ್ಲಿನ ಸೆಟ್ಟಿಗೆ ಪೇಸ್ಟ್ ಬೇಡ, ಅದರಿಂದ ಗೀರು ಬೀಳುತ್ತದೆ; ಮೃದು ಸಾಬೂನು ಸಾಕು.

ಈ ಗಡಿಭಾಗದಲ್ಲಿ ತಂಬಾಕು ಸುಟ್ಟು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ಚಟ ಇನ್ನೂ ಉಳಿದಿದೆ. ಟೂತ್‌ಪೇಸ್ಟ್ ಮತ್ತು ಹಲ್ಲುಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ. ಹಲ್ಲುಪುಡಿ ತಯಾರಿಸುವ ಸಣ್ಣ ಉದ್ದಿಮೆದಾರರು ಇದನ್ನು ಮರೆಯಕೂಡದು.

ಇನ್ನು ಲೆಕ್ಕದ ಮಾತು. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ, ಹಲ್ಲುಪುಡಿಯದು ಶೇ. 12ರಿಂದ 5ಕ್ಕೆ ಇಳಿಯಿತು. ಪುಡಿಗೆ ಇದ್ದ ಶೇ. 6ರ ತೆರಿಗೆ ಅನುಕೂಲ ಇದರಿಂದ ಇಲ್ಲವಾಯಿತು. ಪುಡಿ ತಯಾರಕರು ಇನ್ನು ಗುಣಮಟ್ಟದಿಂದಲೇ ಪೈಪೋಟಿ ನಡೆಸಬೇಕು.

ಮಕ್ಕಳ ಪೇಸ್ಟ್ ಹಾಗೂ ಜುಮ್ಮೆನ್ನುವ ಹಲ್ಲಿನ ಪೇಸ್ಟ್ ನಿಧಾನವಾಗಿ ಖರ್ಚಾಗುವ ಸರಕುಗಳು. ರಿಯಾಯಿತಿಯ ಆಸೆಗೆ ಪೆಟ್ಟಿಗೆಗಟ್ಟಲೆ ಕೊಂಡು ಅವಧಿ ಮೀರಿತೆಂದರೆ ನಷ್ಟ ಎರಡು ಪಟ್ಟು: ಸರಕಿನ ಬೆಲೆಯೂ ಹೋಗುತ್ತದೆ, ನಾಶಪಡಿಸಿದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟನ್ನೂ ಕಲಂ 17(5)ರ ಮೇರೆಗೆ ಹಿಂತಿರುಗಿಸಬೇಕಾಗುತ್ತದೆ. ಆದ್ದರಿಂದ ಇವನ್ನು ಕೆಲವೇ ಡಜನ್‌ಗಳಲ್ಲಿ ತರಿಸಿ, ಮೊದಲು ಬಂದುದನ್ನು ಮೊದಲು ಮಾರುವುದು ಕ್ಷೇಮ. ಮನೆಯಲ್ಲಿ ಯಾರ ಬಳಕೆಗೆ ಎಂದು ವಿಚಾರಿಸಿ ಟ್ಯೂಬು ಕೊಡುವ ಅಂಗಡಿಗೆ ಗ್ರಾಹಕರು ಮತ್ತೆ ಬರುತ್ತಾರೆ.