ತುಂಬು ಸಂಸಾರದ ಅಡುಗೆಮನೆಗೆ ಗ್ಯಾಸ್ ಒಲೆಯ ಆಯ್ಕೆ

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ನಾಟಿಯ ಕಾಲ ಬಂತೆಂದರೆ ಬೇಸಾಯಗಾರರ ಅಡುಗೆಮನೆಗೆ ಬಿಡುವೆಂಬುದಿಲ್ಲ. ಹೊತ್ತು ಏರುವುದರೊಳಗೆ ರೊಟ್ಟಿ, ಪಲ್ಯ ಸಿದ್ಧವಾಗಿ ಗದ್ದೆಗೆ ಬುತ್ತಿ ಹೋಗಬೇಕು. ಶಾಲೆಯ ಮಕ್ಕಳಿಗೂ ಉಣಬಡಿಸಬೇಕು. ದಾವಣಗೆರೆ ನಗರಕ್ಕೆ ಸೇರಿದ ಆನೆಕೊಂಡದಂತಹ ಕಡೆಗಳಲ್ಲೂ ಬೇಸಾಯದ ನಂಟಿರುವ ಮನೆಗಳ ಸ್ಥಿತಿ ಇದೇ. ಇಂತಹ ಮನೆಯವರು ಪೇಟೆಯಲ್ಲಿ ಒಲೆ ಕೊಳ್ಳುವಾಗ ಅದರ ಹೊಳಪನ್ನೂ ಬರ್ನರುಗಳ ಸಂಖ್ಯೆಯನ್ನೂ ನೋಡುವುದೇ ಹೆಚ್ಚು. ಚೀಲದ ಬಣ್ಣ ನೋಡಿ ಬಿತ್ತನೆ ಬೀಜ ಕೊಳ್ಳುವವರಿಲ್ಲ. ಒಲೆಯನ್ನೂ ಮನೆಯ ಅಡುಗೆಗೆ ತಕ್ಕಂತೆ ಆರಿಸಬೇಕು.

ದಕ್ಷತೆಯ ಲೆಕ್ಕ

ಅನಿಲ ಉರಿದಾಗ ಹುಟ್ಟುವ ಶಾಖವೆಲ್ಲ ಪಾತ್ರೆಗೆ ಸೇರುವುದಿಲ್ಲ. ಸೇರುವ ಪಾಲಿಗೆ ಉಷ್ಣ ದಕ್ಷತೆ ಎನ್ನುತ್ತಾರೆ. ಗೃಹಬಳಕೆಯ ಒಲೆಗಳಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 4246ರ ಪ್ರಕಾರ ಇದು ಕನಿಷ್ಠ ಶೇಕಡ 68 ಇರಬೇಕು. ದಿನಕ್ಕೆ 500 ಗ್ರಾಂ ಅನಿಲ ಬಳಸುವ ಮನೆಯಲ್ಲಿ 14.2 ಕಿಲೋ ಸಿಲಿಂಡರು ಸುಮಾರು 28 ದಿನ ಬರುತ್ತದೆ. ಅದೇ ಅಡುಗೆಯನ್ನು ಶೇಕಡ 60ರಷ್ಟೇ ದಕ್ಷತೆಯ ಒಲೆಯಲ್ಲಿ ಮಾಡಿದರೆ 25 ದಿನಕ್ಕೇ ಮುಗಿಯುತ್ತದೆ. ವರ್ಷಕ್ಕೆ ಒಂದೂವರೆ ಸಿಲಿಂಡರಿಗೂ ಹೆಚ್ಚು ನಷ್ಟ. ಆದುದರಿಂದ ಐ.ಎಸ್.ಐ. ಗುರುತಿಲ್ಲದ ಅಗ್ಗದ ಒಲೆ ಕೊನೆಗೆ ದುಬಾರಿಯೇ ಆಗುತ್ತದೆ.

ಬರ್ನರು ಎಷ್ಟು, ಎಂತಹುದು?

ನಾಲ್ಕು ಬರ್ನರುಗಳಿದ್ದರೂ ಅವು ಒತ್ತೊತ್ತಾಗಿದ್ದರೆ ದೊಡ್ಡ ಪಾತ್ರೆಗಳು ಒಂದಕ್ಕೊಂದು ತಾಗಿ ಎರಡನ್ನು ಮಾತ್ರ ಬಳಸಲು ಸಾಧ್ಯ. ಎಂಟು ಹತ್ತು ಜನರ ಮನೆಗೆ ಅಂತರ ಬಿಟ್ಟು ಕೂರಿಸಿದ ಮೂರು ಬರ್ನರುಗಳ ಒಲೆ ಅನುಕೂಲ: ಅನ್ನಕ್ಕೆ ಅಥವಾ ಮುದ್ದೆಗೆ ದೊಡ್ಡದು, ರೊಟ್ಟಿಯ ಹಂಚಿಗೆ ಮತ್ತೊಂದು, ಹಾಲು ಸಾರುಗಳಿಗೆ ಚಿಕ್ಕದು. ಉರಿಯು ಪಾತ್ರೆಯ ತಳದ ಅಂಚನ್ನು ದಾಟಬಾರದು; ದಾಟಿದ ಉರಿ ಕೈಹಿಡಿಯನ್ನು ಕಾಯಿಸುತ್ತದೆಯೇ ಹೊರತು ಅಡುಗೆಯನ್ನಲ್ಲ. ಜೋಳದ ರೊಟ್ಟಿಗೆ ಹಂಚಿನ ನಡುವೆ ಮಾತ್ರವಲ್ಲದೆ ಸುತ್ತಲೂ ಶಾಖ ಹರಡುವ ಅಗಲವಾದ ಬರ್ನರು ಬೇಕು.

ಮುದ್ದೆ ತಿರುವುವಾಗ ಪಾತ್ರೆಯ ಮೇಲೆ ಬಲ ಬೀಳುತ್ತದೆ. ಹಗುರವಾದ ಒಲೆ ಆಗ ಜರುಗುತ್ತದೆ. ಕುದಿಯುವ ಪಾತ್ರೆ ಮಗುಚಿದರೆ ಅನಾಹುತ. ಆದುದರಿಂದ ಪಾತ್ರೆಗೆ ಆಸರೆಯಾಗುವ ಕಡ್ಡಿಗಳು ದಪ್ಪವಾಗಿಯೂ ಒಲೆಯ ಕಾಲುಗಳು ಜಾರದಂತೆಯೂ ಇರಬೇಕು. ಗಾಜಿನ ಮೇಲ್ಮೈ ಒರೆಸಲು ಸುಲಭ. ಆದರೆ ಭಾರದ ಪಾತ್ರೆಯನ್ನು ಕುಕ್ಕಿದರೆ, ಕಾದಿರುವಾಗ ತಣ್ಣೀರು ಚೆಲ್ಲಿದರೆ ಒಡೆಯುವ ಭಯವುಂಟು. ದುಡಿಮೆಯ ಅಡುಗೆಮನೆಗೆ ಸ್ಟೀಲಿನ ಒಲೆಯೇ ಮೇಲು.

ಬೇಡವಾದ ಜೋಡಣೆಗಳು

ಹೋಟೆಲಿನ ಭಟ್ಟಿ ಬರ್ನರನ್ನು ಮನೆಯ ಸಿಲಿಂಡರಿಗೆ ಜೋಡಿಸುವುದು ಅಪಾಯಕರ. ಗೃಹಬಳಕೆಯ ರೆಗ್ಯುಲೇಟರು ಕಡಿಮೆ ಒತ್ತಡದ ಒಲೆಗಾಗಿಯೇ ಇರುವಂತಹುದು. ಸಿಲಿಂಡರಿನ ಒಲೆಗೆ ಗೋಬರ್ ಗ್ಯಾಸ್ ಕೊಟ್ಟರೂ ಸರಿಯಾಗಿ ಉರಿಯದು. ಗೋಬರ್ ಗ್ಯಾಸಿನಲ್ಲಿ ಶಾಖದ ಅಂಶ ಕಡಿಮೆಯಾದುದರಿಂದ ಅದಕ್ಕೆ ದೊಡ್ಡ ರಂಧ್ರದ ಜೆಟ್ಟು ಬೇಕು. ಎರಡೂ ಇರುವ ಮನೆಯವರು ಬೇರೆ ಬೇರೆ ಒಲೆ ಇಟ್ಟುಕೊಳ್ಳಬೇಕು.

ಕೊಂಡ ಮೇಲೆ

ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರನ್ನು ನೆಲದ ಮೇಲೆ ನೇರವಾಗಿ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿಡಬೇಕು. ನೆಲಮಟ್ಟದಲ್ಲೂ ಗಾಳಿ ಆಡುವಂತಿರಬೇಕು. ಸೌದೆ ಒಲೆ ಅದೇ ಕೋಣೆಯಲ್ಲಿ ಬೇಡ. ರಬ್ಬರ್ ಕೊಳವೆಯ ಮೇಲೆ ಮುದ್ರಿಸಿದ ಅವಧಿ ಮುಗಿದೊಡನೆ ಬದಲಾಯಿಸಬೇಕು; ಬಿರುಕು ಕಂಡರೆ ಅದಕ್ಕೂ ಮೊದಲೇ. ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಮುಟ್ಟದೆ, ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು.

ಉರಿ ನೀಲಿಯಾಗಿದ್ದರೆ ಒಲೆ ಚೆನ್ನಾಗಿದೆಯೆಂದು ತಿಳಿಯಬಹುದು. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರಿನ ರಂಧ್ರ ಕಟ್ಟಿರಬಹುದು, ಇಲ್ಲವೇ ಗಾಳಿ ಸಾಲದಿರಬಹುದು. ಬರ್ನರು ಪೂರ್ತಿ ತಣಿದ ಮೇಲೆ ತೆಗೆದು ತೊಳೆದು, ಒಣಗಿಸಿ ಕೂರಿಸಬೇಕು. ಆದರೂ ಹಳದಿ ಉಳಿದರೆ ತಿಳಿದವರಿಗೆ ತೋರಿಸಬೇಕು. ಸಿಲಿಂಡರು ಜೋಡಿಸಿದ ದಿನವನ್ನು ಪಂಚಾಂಗದಲ್ಲಿ ಗುರುತಿಟ್ಟರೆ, ಬಳಕೆ ಹೆಚ್ಚಾದುದು ಬೇಗ ಗೊತ್ತಾಗುತ್ತದೆ.

ಕಡೆಯದಾಗಿ, ಒಲೆ ಕೊಳ್ಳಲು ಯಜಮಾನನೊಬ್ಬನೇ ಹೋಗಬಾರದು. ಅದರ ಮುಂದೆ ದಿನವೂ ನಿಲ್ಲುವ ಗೃಹಿಣಿಯೂ ಹೋಗಲಿ. ತನ್ನ ಮನೆಯ ಮುದ್ದೆ ಪಾತ್ರೆಯನ್ನೂ ರೊಟ್ಟಿ ಹಂಚನ್ನೂ ಒಯ್ದು ಅಂಗಡಿಯಲ್ಲೇ ಒಲೆಯ ಮೇಲಿಟ್ಟು ನೋಡಲಿ. ಎರಡೂ ಅಲುಗಾಡದೆ ಜೊತೆಯಾಗಿ ಕೂತರೆ ಆ ಒಲೆ ಆ ಮನೆಗೆ ಸರಿ.