ಆಡು ಕಂದು ಹಾಕಿದರೆ ರಕ್ತ ನೋಡಿಸಿ

ಕಾಂಗೇಯ, ಧಾರಾಪುರ, ಮೂಲನೂರು ಕಡೆಯ ಕೊರಂಗಾಡುಗಳಲ್ಲಿ ಆಡು ಮೇಯಿಸುವ ನಮ್ಮ ರೈತ ಬಾಂಧವರಿಗೆ ಆಡೆಂದರೆ ಕೈಯಲ್ಲಿರುವ ರೊಕ್ಕವೇ ಸರಿ. ಮದುವೆಗಾಗಲಿ, ಮಕ್ಕಳ ಓದಿಗಾಗಲಿ, ಎರಡು ಆಡನ್ನು ಸಂತೆಗೆ ಹೊಡೆದುಕೊಂಡು ಹೋದರೆ ಕೆಲಸವಾಯಿತು. ಇಂಥ ಆಡು ಈಯಲು ಇನ್ನೊಂದು ತಿಂಗಳಿರುವಾಗ ಕಂದು ಹಾಕಿದರೆ 'ಹೋತ ಗುದ್ದಿರಬೇಕು', 'ದೃಷ್ಟಿ ತಾಗಿತು' ಎಂದು ಸುಮ್ಮನಾಗುತ್ತೇವೆ. ಒಂದರ ಹಿಂದೊಂದು ನಾಲ್ಕು ಆಡು ಹಾಗೆಯೇ ಮಾಡಿದ ಮೇಲೆ ಎಚ್ಚರವಾಗುತ್ತದೆ.

ಕಂದು ಹಾಕಲು ಕಾರಣಗಳು ಹಲವು. ಆದರೆ ಸಂಶಯಪಡತಕ್ಕವುಗಳಲ್ಲಿ ಮುಖ್ಯವಾದುದು ಬ್ರೂಸೆಲ್ಲಾ ಎಂಬ ಸೂಕ್ಷ್ಮಜೀವಿ. ಇದು ತಗುಲಿದ ಆಡು ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಕಂದು ಹಾಕುವುದು ಸಾಮಾನ್ಯ. ಹೋತದ ಬೀಜ ಬಾತುಕೊಳ್ಳುವುದೂ ಉಂಟು. ಕಷ್ಟವೆಂದರೆ, ರೋಗ ಹೊತ್ತ ಆಡು ಎಷ್ಟೋ ವೇಳೆ ಮೈ ತುಂಬಿಕೊಂಡು ಚೆನ್ನಾಗಿಯೇ ಮೇಯುತ್ತಿರುತ್ತದೆ. ಮುಂದಿನ ಸಲ ಮರಿಯನ್ನೂ ಹಾಕಬಹುದು.

ಈ ಮೋಸವನ್ನು ಬಯಲಿಗೆಳೆದುದೇ ರಕ್ತ ಪರೀಕ್ಷೆ. ಮಾಲ್ಟಾ ದ್ವೀಪದಲ್ಲಿ ಸಿಪಾಯಿಗಳನ್ನು ಕಾಡುತ್ತಿದ್ದ ಜ್ವರದ ಜೀವಿಯನ್ನು ಡೇವಿಡ್ ಬ್ರೂಸ್ 1887ರಲ್ಲಿ ಕಂಡುಹಿಡಿದರು. ಅದು ಬರುವುದೆಲ್ಲಿಂದ ಎಂಬುದು ಮಾತ್ರ ಹದಿನೆಂಟು ವರ್ಷ ತಿಳಿಯಲಿಲ್ಲ. 1905ರಲ್ಲಿ ಅಲ್ಲಿನವರೇ ಆದ ಜಮ್ಮಿಟ್ ಎಂಬ ವೈದ್ಯರು ನೋಡಲು ಆರೋಗ್ಯವಾಗಿದ್ದ ಆಡುಗಳ ರಕ್ತ ಪರೀಕ್ಷಿಸಿ, ರೋಗ ಅವುಗಳಲ್ಲಿದೆ ಎಂದು ತೋರಿಸಿದರು. ಮರುವರ್ಷ ಸಿಪಾಯಿಗಳಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದೊಡನೆ ಜ್ವರ ಬಹಳ ಮಟ್ಟಿಗೆ ಇಳಿಯಿತು.

ಪರೀಕ್ಷೆಯ ಕ್ರಮ ಸರಳ. ಆಡಿನ ಕತ್ತಿನ ನರದಿಂದ ಸುಮಾರು 5 ಮಿಲಿಲೀಟರು ರಕ್ತ ತೆಗೆದು ನಳಿಕೆಯಲ್ಲಿ ಅಲುಗಿಸದೆ ಇಡುತ್ತಾರೆ. ರಕ್ತ ಹೆಪ್ಪುಗಟ್ಟಿ ಮೇಲೆ ತಿಳಿನೀರು ನಿಲ್ಲುತ್ತದೆ. ಅದರ ಒಂದು ಹನಿಗೆ ಗುಲಾಬಿ ಬಣ್ಣದ ಪರೀಕ್ಷಾದ್ರವದ ಒಂದು ಹನಿ ಸೇರಿಸಿ 4 ನಿಮಿಷ ಆಡಿಸಿದಾಗ ಒಡೆದ ಹಾಲಿನಂತೆ ಗರಣೆ ಕಟ್ಟಿದರೆ ರೋಗದ ಸೋಂಕಿದೆಯೆಂದು ಗುರುತು. ಅದನ್ನು ಎಲಿಸಾ ಎಂಬ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಮೇಲು. ಕಂದು ಹಾಕಿದ ಕೂಡಲೇ ನೋಡಿದರೆ ಕೆಲವು ಸಲ ಗುರುತು ಕಾಣದು. ಮೂರು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ತೆಗೆಸಬೇಕು. ಕಂದು ಹಾಕಿದ ಒಂದೇ ಆಡನ್ನು ತೋರಿಸಿದರೂ ಸಾಲದು, ಹೋತವನ್ನೂ ಸೇರಿಸಿ ಮಂದೆಯನ್ನೆಲ್ಲ ನೋಡಿಸಬೇಕು.

ಸರ್ಕಾರ ಈ ರೋಗಕ್ಕೆ ಲಸಿಕೆ ಹಾಕಿಸುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ. ಆಡುಗಳಿಗೆ ಆ ಏರ್ಪಾಡಿಲ್ಲ. ಆದ್ದರಿಂದಲೇ ರಕ್ತ ಪರೀಕ್ಷೆಗೆ ಇಷ್ಟು ಬೆಲೆ. ಹತ್ತಿರದ ದನದ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಉಡುಮಲಪೇಟೆಯಲ್ಲಿ ಈಗ ಪಶುವೈದ್ಯ ಕಾಲೇಜೂ ಇದೆ.

ನಮ್ಮ ಹೆಂಗಸರು ಬರಿಗೈಯಲ್ಲೇ ಮರಿ ಎಳೆಯುತ್ತಾರೆ, ಮಾಸು ಎತ್ತಿ ಬೇಲಿಯಾಚೆ ಎಸೆಯುತ್ತಾರೆ. ರೋಗ ಮನುಷ್ಯರಿಗೆ ಹತ್ತುವುದು ಹೀಗೆಯೇ, ಇಲ್ಲವೆ ಹಸಿ ಹಾಲಿನಿಂದ. ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲುನೋವು ತಿಂಗಳುಗಟ್ಟಲೆ ಬಿಡವು. ಅಂಥವರು ವೈದ್ಯರ ಬಳಿ ಹೋದಾಗ ಮನೆಯ ಆಡು ಕಂದು ಹಾಕಿದ ಸಂಗತಿಯನ್ನು ಮರೆಯದೆ ಹೇಳಬೇಕು. ನಾವು ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಮಾಸನ್ನೂ ಕಂದನ್ನೂ ಕೈಗವಸು ತೊಟ್ಟು ಎತ್ತಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಹಾಲನ್ನು ಕುದಿಸಿಯೇ ಕುಡಿಯಬೇಕು.

ಸೋಂಕು ಕಂಡ ಆಡನ್ನು ಸದ್ದಿಲ್ಲದೆ ಕುಂಡಡದ ಸಂತೆಗೋ ಕನ್ನಿವಾಡಿಗೋ ಹೊಡೆದು ಕೈ ತೊಳೆದುಕೊಳ್ಳಬೇಕೆಂದು ಮನಸ್ಸಾಗುವುದು ಸಹಜ. ಅದು ಇನ್ನೊಬ್ಬ ಬಡವನ ದೊಡ್ಡಿ ಸೇರುತ್ತದೆ. ಬೇರೆ ಕಟ್ಟಿ, ಮುಂದೇನೆಂದು ಪಶುವೈದ್ಯರನ್ನೇ ಕೇಳಿ. ಹೊಸದಾಗಿ ಕೊಂಡು ತಂದ ಆಡನ್ನೂ ಕೆಲವು ವಾರ ಬೇರೆಯೇ ಇಟ್ಟು, ರಕ್ತ ನೋಡಿಸಿದ ಮೇಲೆ ಮಂದೆಗೆ ಬಿಡತಕ್ಕದ್ದು.